ಒಂದು ಹನಿ ಮಾಮನ ಗೇರ್‌ಬಾಕ್ಸ್

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಒಂದು ಹನಿ ಮಾಮ. ಯಾವ ದರ್ಜಿಯ ಯಂತ್ರ ಬಿಚ್ಚಿದರೂ ಮುಚ್ಚುವಾಗ ಅವನ ಉಪದೇಶ ಒಂದೇ: "ಎಣ್ಣೆ ಒಂದು ಹನಿ ಬಿಡಿ. ಎರಡನೇದು ಬಿಟ್ರೆ ಬಟ್ಟೆ ಕೆಡುತ್ತೆ." ಮೂವತ್ತು ವರ್ಷ ಇದನ್ನೇ ಹೇಳಿಕೊಂಡು ಬಂದ. ಎಣ್ಣೆ ಸುರಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಹೆಂಡತಿ ಕಾರು ಓಡಿಸುವುದನ್ನು ಕಲಿಸುತ್ತಿದ್ದವಳು. ಇಪ್ಪತ್ತೆರಡು ವರ್ಷಗಳಲ್ಲಿ ಅರ್ಧ ಊರಿಗೆ ಸ್ಟೀರಿಂಗ್ ಹಿಡಿಸಿದ್ದಳು. ಅವಳ ಕೈಕೆಳಗೆ ಪಾಸಾಗದೆ ಉಳಿದವನು ಗಂಡನೊಬ್ಬನೇ. ಕ್ಲಚ್ ಬಿಡುವಾಗ ಅವನ ಕಾಲು ನಡುಗಿ, ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಬಿಡುತ್ತಿತ್ತು. "ಮತ್ತೆ ಮೊದಲಿಂದ," ಎನ್ನುತ್ತಿದ್ದಳು ಅವಳು, ಎಲ್ಲ ಶಿಷ್ಯರಿಗೂ ಹೇಳುವ ದನಿಯಲ್ಲೇ. ಹದಿನಾಲ್ಕನೇ ಪಾಠ ಮುಗಿಸಿ ಅವನು ದೊಡ್ಡದೊಂದು ನಮಸ್ಕಾರ ಹಾಕಿ ಸೈಕಲ್ಲಿಗೆ ಮರಳಿದ.

ಎರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆದ ಮೇಲೆ ಅವಳ ಎಡಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಎಡಗಾಲಿಲ್ಲದೆ ಕ್ಲಚ್ ಒತ್ತುವ ಹಾಗಿಲ್ಲ, ಕ್ಲಚ್ ಒತ್ತದೆ ಕೆಲಸವಿಲ್ಲ. ಆಮೇಲೆ ಅವಳು ಮನೆಯಿಂದ ಹೊರಟಿದ್ದೆಲ್ಲ ಆಸ್ಪತ್ರೆಗೆ, ವ್ಯಾಯಾಮದ ಡಾಕ್ಟರ ಬಳಿಗೆ, ರಕ್ತ ಪರೀಕ್ಷೆಗೆ. ಪ್ರತಿಸಲವೂ ಯಾರದೋ ಕೈ ಅವಳ ಮೊಣಕೈ ಹಿಡಿದಿರುತ್ತಿತ್ತು. ಉಳಿದ ಹೊತ್ತು ಕಿಟಕಿಯ ಪಕ್ಕ ಕೂತು ಬೀದಿಯಲ್ಲಿ ಹೋಗುವವರ ಚಾಲನೆ ತಿದ್ದುತ್ತಿದ್ದಳು. "ಇಂಡಿಕೇಟರ್ ಏನು ಅಲಂಕಾರಕ್ಕೆ ಇಟ್ಟಿದಾರಾ?" ಎಂದು ಗಾಜಿಗೆ ಹೇಳುವಳು. ಗಾಜು ಸುಮ್ಮನಿರುತ್ತಿತ್ತು.

ಹಿತ್ತಲಿನ ತಗಡಿನ ಮಾಡಿನ ಕೆಳಗೆ ಅವಳ ಅಪ್ಪ ಬಿಟ್ಟುಹೋದ ಹಳೇ ಕಾರಿತ್ತು. ಮಂಚದಷ್ಟು ಅಗಲ, ಕನ್ನಡಿಯಂಥ ಬಂಪರು, ತಾನೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್. ಅದನ್ನು ಕಂಡರೆ ಅವಳು ಮೊದಲಿಂದಲೂ ಮೂಗು ಮುರಿಯುತ್ತಿದ್ದಳು. "ಗೇರು ಅದೇ ಹಾಕ್ಕೊಂಡ್ರೆ ನಾವೇನು ಮಾಡೋದು, ತೂಕಡಿಸೋದಾ?" ಈಗ ಲೋಕದಲ್ಲಿ ಅವಳು ಓಡಿಸಬಹುದಾದ ಗಾಡಿ ಎಂದರೆ ಅದೊಂದೇ. ಆದರೆ ಅದು ಹಿಂದಕ್ಕೆ ಹೋಗುತ್ತಿತ್ತೇ ಹೊರತು ಮುಂದಕ್ಕೆ ಸುತರಾಂ ಒಲ್ಲೆ ಎನ್ನುತ್ತಿತ್ತು.

ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ ಕೈ ಕೊಡವಿದ. "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಾನು ಮುಟ್ಟಲ್ಲ. ಹೊರಗೆ ಮಾಡಿಸಿದ್ರೆ ಗಾಡಿ ಬೆಲೆಗಿಂತ ಖರ್ಚು ಜಾಸ್ತಿ. ಗುಜರಿಗೆ ಹಾಕಿಬಿಡಿ ಮಾಮ."

ಹೆಂಡತಿ ಕಾರಿನ ಕೀಲಿಕೈಯನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಒತ್ತಿದಳು. ಅವನು ಅದನ್ನು ನೋಡಿದ. ಮಾರನೇ ದಿನ ಹಳೇ ಪುಸ್ತಕದ ಅಂಗಡಿಯಿಂದ ಆ ಕಾರಿನ ರಿಪೇರಿ ಪುಸ್ತಕ ತಂದ.

ಜ್ಯಾಕಿನ ಮೇಲೆ ಹಲಗೆ ಕಟ್ಟಿ, ಗೇರ್‌ಬಾಕ್ಸನ್ನು ಅಂಗುಲ ಅಂಗುಲ ಇಳಿಸಿ, ಗೋಣಿಯ ಮೇಲೆ ಎಳೆದುಕೊಂಡು ಹಿಂದಿನ ಕೋಣೆಗೆ ತರಲು ಎರಡು ದಿನ ಹಿಡಿಯಿತು. ನೆಲಕ್ಕೆ ಹಳೇ ಹಾಸಿಗೆ ಬಟ್ಟೆ ಹಾಸಿ, ಬಿಚ್ಚಿದ ಪ್ರತಿಯೊಂದು ಭಾಗದ ಸುತ್ತ ದರ್ಜಿಯ ಸೀಮೆಸುಣ್ಣದಿಂದ ಗೆರೆ ಎಳೆದು ನಂಬರು ಬರೆದ. ಖರೀದಿ ಮಾಡಿದ್ದು ರಬ್ಬರ್ ಸೀಲುಗಳು ಮತ್ತು ಕ್ಲಚ್ ಪ್ಲೇಟುಗಳು, ಅಷ್ಟೇ. ಸ್ಪ್ರಿಂಗ್ ಅದುಮುವ ಸಲಕರಣೆಯನ್ನು ತುಂಡು ಪೈಪಿನಿಂದ ತಾನೇ ಮಾಡಿಕೊಂಡ. ಸೀಮೆಎಣ್ಣೆಯಲ್ಲಿ ತೊಳೆದದ್ದನ್ನು ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಿದ. ನೂಲಿನ ಒಂದು ಎಳೆ ಸಿಕ್ಕಿಕೊಂಡರೆ ಯಂತ್ರಕ್ಕೆ ಏನಾಗುತ್ತದೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

"ಕ್ಲಚ್ ಇಲ್ಲದ ಗಾಡಿ ಅಂದ್ಕೊಂಡಿದ್ದೆ," ಎಂದಳು ಹೆಂಡತಿ, ಉಂಗುರದಂಥ ಪ್ಲೇಟೊಂದನ್ನು ಎತ್ತಿ ನೋಡುತ್ತ. "ಒಳಗೆ ಬಚ್ಚಿಟ್ಕೊಂಡಿದೆ."

"ಇದನ್ನ ಕಾಲಲ್ಲಿ ಒತ್ತಬೇಕಾಗಿಲ್ಲ. ಎಣ್ಣೆ ಒತ್ತುತ್ತೆ."

ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹೊಸ ಪ್ಲೇಟುಗಳನ್ನು ಜೋಡಿಸುವ ಮುಂಚೆ ಅರ್ಧ ಗಂಟೆ ಎಣ್ಣೆಯಲ್ಲಿ ಮುಳುಗಿಸಿಡಿ. ಅವನು ಅದನ್ನು ಎರಡು ಸಲ ಓದಿದ. ಬರೆದವರು ಎಣ್ಣೆ ಮಾರುವವರ ನೆಂಟರಿರಬೇಕು ಎಂದುಕೊಂಡ. ಹೇಗೂ ಆಮೇಲೆ ಡಬ್ಬಗಟ್ಟಲೆ ತುಂಬುವುದು ಇದ್ದೇ ಇದೆಯಲ್ಲ. ಪ್ಲೇಟಿಗೆ ಒಂದೊಂದು ಹನಿ ಬಿಟ್ಟು, ಬೆರಳಿನಿಂದ ಸವರಿ, ಅಚ್ಚುಕಟ್ಟಾಗಿ ಜೋಡಿಸಿದ. ಅಂಥ ಚೊಕ್ಕಟ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

ಗೇರ್‌ಬಾಕ್ಸನ್ನು ಕಾರಿಗೆ ಮತ್ತೆ ಕೂರಿಸಿ ಎಣ್ಣೆ ತುಂಬಿದ್ದಾಯಿತು. ಭಾನುವಾರ ಬೆಳಿಗ್ಗೆ ಅವಳು ಗುಂಡಿಗಳ ಡಬ್ಬಿಯಿಂದ ಕೀಲಿಕೈ ತೆಗೆದು ಸ್ಟೀರಿಂಗಿನ ಮುಂದೆ ಕೂತಳು. ಅವನು ಪಕ್ಕದಲ್ಲಿ. ಕಾರು ಮುಂದಕ್ಕೆ ಹೊರಟಿತು. ಬೀದಿಯವರು ಬಾಗಿಲಿಗೆ ಬಂದು ನಿಂತರು. ನೀರಿನ ಟ್ಯಾಂಕಿನ ಪಕ್ಕದ ಏರುದಾರಿ ಅರ್ಧ ಹತ್ತಿದಾಗ ಎಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ನಿಂತಿತು, ಸುಟ್ಟ ವಾಸನೆ ಬಂತು. ಅವಳ ಹಳೇ ಶಿಷ್ಯನೊಬ್ಬ ಓಡಿಬಂದ. "ಟೀಚರ್, ನಾನು ಓಡಿಸ್ಲಾ?"

"ಅದು ಓಡಿದ್ರೆ ತಾನೇ ನೀನು ಓಡಿಸೋದು," ಎಂದು ಅವಳು ಕೋಲೂರಿ ಇಳಿದಳು. ಗಂಡ ಚಾಚಿದ ಕೈ ಹಿಡಿಯಲಿಲ್ಲ. ಎಲ್ಲರೂ ನೋಡುತ್ತಿರುವಂತೆ ಮನೆಯ ತನಕ ಕಾಲೆಳೆದುಕೊಂಡು ನಡೆದಳು. ಅವನ ಪಾಲಿಗೆ ಆ ಬೀದಿ ಅಷ್ಟು ಉದ್ದ ಯಾವತ್ತೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ರೀ, ನನ್ನನ್ನ ಮತ್ತೆ ಆ ಸೀಟಲ್ಲಿ ಕೂರಿಸ್ಬೇಡಿ."

ವಾರ ಬಿಟ್ಟು ಅವನು ಗೇರ್‌ಬಾಕ್ಸ್ ಮತ್ತೆ ಇಳಿಸಿ ಬಿಚ್ಚಿದ. ಮುಂದಕ್ಕೆ ಹೋಗುವ ಗೇರಿನ ಪ್ಲೇಟುಗಳು ಕರಿ ಹಿಡಿದಿದ್ದವು. ಎಣ್ಣೆ ಹೀರದೆ ಒಣಗಿದ್ದಾಗಲೇ ಉಜ್ಜಿಕೊಂಡು ಸುಟ್ಟಿವೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಮಾಲು ಸರಿಯಿರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು, ಅವಳು ನಂಬುತ್ತಿದ್ದಳು. ಅವನು ಪ್ಲೇಟನ್ನು ಹಿಡಿದು ಕಿಟಕಿಯ ಬಳಿ ಹೋಗಿ ನಿಂತ.

"ಇದು ನನ್ನ ತಪ್ಪು. ಎಣ್ಣೇಲಿ ನೆನೆಸಿಡಿ ಅಂತ ಪುಸ್ತಕದಲ್ಲಿತ್ತು. ನಾನು ನೆನೆಸಲಿಲ್ಲ."

"ಮತ್ತೇನು ಮಾಡಿದ್ರಿ?"

"ಒಂದೊಂದು ಹನಿ ಬಿಟ್ಟೆ."

ಅವಳು ಅವನ ಮುಖವನ್ನೇ ನೋಡಿದಳು. ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು, ಕಡೆಗೆ ಬೆನ್ನು ಹಿಡಿದುಕೊಂಡು ನಕ್ಕಳು. "ಅಷ್ಟು ದೊಡ್ಡ ಗಾಡಿಗೆ," ಎಂದಳು, ಮುಂದೆ ಹೇಳಲಾಗಲಿಲ್ಲ. ಅವನಿಗೆ ನಗು ಬರಲಿಲ್ಲ, ಆದರೆ ವಾರದಿಂದ ಎದೆಯ ಮೇಲಿದ್ದ ಭಾರ ಇಳಿಯಿತು. ಅವಳು ಕಣ್ಣೊರೆಸಿಕೊಂಡು ಪುಸ್ತಕಕ್ಕೆ ಕೈ ಚಾಚಿದಳು.

"ಕೊಡಿ ಇಲ್ಲಿ. ಮತ್ತೆ ಮೊದಲಿಂದ."

ಹೊಸ ಪ್ಲೇಟು ಮತ್ತೆ ತರಿಸಲು ದುಡ್ಡಿರಲಿಲ್ಲ. ಗುಜರಿ ಅಂಗಡಿಯಲ್ಲಿ ಅದೇ ಜಾತಿಯ ಗೇರ್‌ಬಾಕ್ಸ್ ಒಂದು ಬಿದ್ದಿದೆಯೆಂದು ಗ್ಯಾರೇಜಿನ ಮೇಸ್ತ್ರಿಯೇ ಸುಳಿವು ಕೊಟ್ಟ. ಅದನ್ನು ಬಿಚ್ಚಿ, ಸವೆಯದ ಪ್ಲೇಟುಗಳನ್ನು ಆರಿಸಿ ತಂದದ್ದಾಯಿತು. ಈ ಸಲ ಅವಳು ಕುರ್ಚಿ ಹಾಕಿಕೊಂಡು ಕೂತು ಪುಸ್ತಕ ಓದಿದಳು. ಒಂದು ಸಾಲು ಮುಗಿಯದೆ ಇನ್ನೊಂದು ಸಾಲಿಗೆ ಹೋಗಲಿಲ್ಲ. ಅಡುಗೆಮನೆಯ ಅಗಲ ಪಾತ್ರೆಯ ತುಂಬ ಗೇರ್‌ಬಾಕ್ಸಿನ ಕೆಂಪು ಎಣ್ಣೆಯನ್ನು ಅವನಿಂದಲೇ ಸುರಿಸಿದಳು. ಪ್ಲೇಟುಗಳು ಮುಳುಗಿ ಗುಳ್ಳೆ ಬಿಡುವುದನ್ನು ಅವನು ಹಲ್ಲು ಕಚ್ಚಿಕೊಂಡು ನೋಡಿದ. ಎತ್ತಲು ಹೋದಾಗ ಕೋಲಿನಿಂದ ಕೈ ತಡೆದಳು.

"ಇನ್ನೂ ಹತ್ತು ನಿಮಿಷ ಇದೆ."

ತಿಂಗಳ ಕೊನೆಗೆ ಗಾಡಿ ಸಿದ್ಧವಾಯಿತು. ಆ ಸೀಟಲ್ಲಿ ಕೂರು ಎಂದು ಅವನು ಹೇಳಲಿಲ್ಲ. ಅವಳೇ ಹೋಗಿ ಕೂತಳು. ಟ್ಯಾಂಕಿನ ಏರನ್ನು ಕಾರು ಹತ್ತಿತು, ತಿರುಗಿ ಬಂತು, ಇನ್ನೊಂದು ಸಲ ಹತ್ತಿತು. ಗೇರು ಬದಲಾದದ್ದು ಪಕ್ಕದಲ್ಲಿ ಕೂತವನಿಗೂ ತಿಳಿಯಲಿಲ್ಲ. ಮನೆಯ ಮುಂದೆ ಅವಳು ಬ್ರೇಕ್ ಒತ್ತಿದಳು.

"ಇಳೀರಿ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ನೀವು ಇಳೀರಿ."

ಅವನು ಇಳಿದ. ಕಾರು ಇಂಡಿಕೇಟರ್ ಹಾಕಿ ತಿರುವಿನಲ್ಲಿ ಮರೆಯಾಯಿತು. ಅವನು ಮೆಟ್ಟಿಲ ಮೇಲೆ ಕೂತ, ಎದ್ದ, ಮತ್ತೆ ಕೂತ. ಏರಿನಾಚೆಗೆ ಎಂಜಿನ್ ಬೊಬ್ಬೆ ಹೊಡೆಯುವುದೋ ಎಂದು ಕಿವಿಗೊಟ್ಟ. ಒಂದೂಕಾಲು ಗಂಟೆಯ ಮೇಲೆ ಗಾಡಿ ವಾಪಸು ಬಂತು. ಅವಳು ಕೋಲೂರಿ ನಿಧಾನವಾಗಿ ಮೆಟ್ಟಿಲು ಹತ್ತಿದಳು.

"ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ," ಎಂದು, ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಅವಳು ಒಳಗೆ ಹೋದಳು.