ಎಂಜಿನ್ನಿಗೆ ನೀರು ಸೋಕದಂತೆ

ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ನಾನರಿಯೆ. ಹಬ್ಬದ ಎಣ್ಣೆಸ್ನಾನ ನೆನಪಾಗಬಹುದು, ಚಿಕ್ಕಂದಿನಲ್ಲಿ ಮೂಗು ಹಿಡಿದು ಬಾಯಿಗೆ ಹುಯ್ದ ಭೇದಿಯ ಔಷಧಿ ನೆನಪಾಗಬಹುದು. ನನಗೆ ಮಾತ್ರ ತವರುಮನೆ ನೆನಪಾಗುತ್ತದೆ. ಹೀಗೆಂದರೆ ಜನ ನಮ್ಮಪ್ಪನಿಗೆ ಗಾಣವಿತ್ತೆಂದುಕೊಳ್ಳುತ್ತಾರೆ. ಗಾಣವೂ ಇರಲಿಲ್ಲ, ಹರಳಿನ ಗಿಡವೂ ಇರಲಿಲ್ಲ. ನನಗೂ ತವರಿಗೂ ನಡುವೆ ಒಂದು ಹೊಳೆಯಿತ್ತು. ಹೊಳೆ ದಾಟಲೆಂದು ಒಂದು ಎಂಜಿನ್ನು ಬಂತು. ಆ ಎಂಜಿನ್ನು ತುಕ್ಕು ಹಿಡಿಯಬಾರದೆಂದು ನಮ್ಮ ಯಜಮಾನರು ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ನನ್ನ ತಲೆಗೆಂದು ತಂದಿಟ್ಟ ಎಣ್ಣೆ ಅದು. ನನ್ನ ಕೂದಲು ಒಣಗಿ ತೆಂಗಿನ ನಾರಾಯಿತು, ಎಂಜಿನ್ನು ಮಾತ್ರ ಮಿರಮಿರ ಮಿಂಚುತ್ತಿತ್ತು.

ನಾನು ಸೇರಿದ ಊರು ಕೊಳ್ಳೇಗಾಲದ ಸೀಮೆಯಲ್ಲಿ, ಕಾವೇರಿಯ ಈ ದಡದಲ್ಲಿದೆ. ಹುಟ್ಟಿದ ಊರು ಆ ದಡದಲ್ಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ. ನನ್ನ ಮದುವೆಯಾದಾಗ ಈ ದಡ ಮದರಾಸಿಗೆ ಸೇರಿತ್ತು, ಆ ದಡ ಮೈಸೂರಿಗೆ. ಹಾಗಾಗಿ ಧಾರೆಯೆರೆಸಿಕೊಂಡು ಹರಿಗೋಲು ಹತ್ತಿದವಳು ಇಳಿಯುವಾಗ ಇನ್ನೊಂದು ರಾಜ್ಯದ ಪ್ರಜೆಯಾಗಿದ್ದೆ. ಐವತ್ತಾರರಲ್ಲಿ ಎರಡೂ ಕಡೆ ಒಂದೇ ರಾಜ್ಯವಾಯಿತೆಂದು ಊರಲ್ಲಿ ಕಡಲೆ ಬೆಲ್ಲ ಹಂಚಿದರು. ನಾನೂ ಎರಡು ಹಿಡಿ ತಿಂದು, ಇನ್ನು ತವರು ಹತ್ತಿರವಾಯಿತೆಂದು ಹಿಗ್ಗಿದೆ. ಮಾರನೆಯ ಬೆಳಿಗ್ಗೆ ನೀರಿಗೆ ಹೋಗಿ ನೋಡಿದರೆ ಹೊಳೆ ನಿನ್ನೆ ಇದ್ದಷ್ಟೇ ಅಗಲವಾಗಿತ್ತು.

ಬೇಸಿಗೆಯಲ್ಲಿ ಚಿಂತೆಯಿರಲಿಲ್ಲ. ಕಡವಿನಲ್ಲಿ ಹರಿಗೋಲು ಸಿಗುತ್ತಿತ್ತು, ಆಡುತ್ತಿದ್ದ ಮಾತು ಮುಗಿಯುವ ಮೊದಲೇ ಆ ಕಡೆ ಇರುತ್ತಿದ್ದೆ. ಮಳೆಗಾಲ ಬಂತೆಂದರೆ ಹೊಳೆ ಕೆಂಪಗೆ ತುಂಬುತ್ತಿತ್ತು, ಹರಿಗೋಲಿನವನು ಹರಿಗೋಲನ್ನು ಜಗುಲಿಯ ಮೇಲೆ ಮಗುಚಿ ಹಾಕಿ ಮಲಗಿಬಿಡುತ್ತಿದ್ದ. ಹೆಣ್ಣುಮಕ್ಕಳು ತವರಿನ ಬಾಗಿನಕ್ಕೆ ಕಾಯುವ ಗೌರಿಹಬ್ಬ ಬರುವುದು ಸರಿಯಾಗಿ ಆಗಲೇ. ಬಸ್ಸಿನಲ್ಲಿ ಹೋಗಬಾರದಾಗಿತ್ತೇ ಎನ್ನುತ್ತೀರಿ. ಕೊಳ್ಳೇಗಾಲಕ್ಕೆ ನಡೆದು, ಸೇತುವೆ ಬಳಸಿ, ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಬೆಳಿಗ್ಗೆ ಅತ್ತೆಮನೆಯ ಗೌರಿಗೆ ಪೂಜೆ ಮಾಡಿ, ಸಂಜೆ ಅದೇ ಗೌರಿಯ ಮುಂದೆ ದೀಪ ಹಚ್ಚಬೇಕಾದ ಸೊಸೆಗೆ ಆ ಬಸ್ಸುಗಳು ಇದ್ದೂ ಇಲ್ಲದವೇ. ಹಾಗಾಗಿ ವರ್ಷ ವರ್ಷವೂ ಹಬ್ಬದ ದಿನ ದಡದಲ್ಲಿ ನಿಂತು ಆ ಕಡೆಯ ಹೆಂಚಿನ ಮೇಲೆ ಏಳುವ ಹೊಗೆಯಲ್ಲಿ ನಮ್ಮವ್ವನ ಒಲೆಯ ಹೊಗೆ ಯಾವುದೆಂದು ಹುಡುಕುತ್ತಿದ್ದೆ. ಸಿಕ್ಕಿತೆಂದು ನಂಬಿ ಅಳುತ್ತಿದ್ದೆ. ಅದು ಪಕ್ಕದ ಮನೆಯದಾಗಿದ್ದರೂ ಆಗಿರಬಹುದು, ಅತ್ತದ್ದಂತೂ ನಿಜ.

ಯಜಮಾನರು ಮಾತಿನವರಲ್ಲ. ಒಂದು ಗೌರಿಹಬ್ಬದ ದಿನ ನಾನು ಕಣ್ಣೊರೆಸಿಕೊಂಡು ಮನೆಗೆ ಬಂದದ್ದನ್ನು ನೋಡಿದರು. ಬೇಸಿಗೆಯ ಹೊತ್ತಿಗೆ ಮೆಟ್ಟೂರಿನ ಕಡೆ ಹೋದವರು ಮಾರ್ಟಳ್ಳಿ, ರಾಮಾಪುರದ ದಾರಿಯಾಗಿ ಬಸ್ಸಿನ ಟಾಪಿನ ಮೇಲೆ ಗೋಣಿಚೀಲ ಸುತ್ತಿದ ಒಂದು ಗಂಟನ್ನು ಹಾಕಿಸಿಕೊಂಡು ಬಂದರು. ಬಿಚ್ಚಿದರೆ, ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಎಂಜಿನ್ನು. ಮೇಲೆ ಮೋಟಾರು, ಕೆಳಗೆ ನೀರು ತಳ್ಳುವ ರೆಕ್ಕೆ. ಹಲಗೆಯ ದೋಣಿಯೊಂದನ್ನು ಅದಾಗಲೇ ಬಡಗಿಯ ಕೈಲಿ ಮಾಡಿಸಿದ್ದರಂತೆ. ನಾನದನ್ನು ದನಗಳ ಬಾನಿಯೆಂದುಕೊಂಡಿದ್ದೆ.

ಕೊಳ್ಳೇಗಾಲದಲ್ಲಿ ತಮಿಳು ಗಡಿಯ ಕಡೆಯಿಂದ ಬಂದು ನೆಲೆಸಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಮನೆಗೆ ಬಂದು ಎಂಜಿನ್ನನ್ನು ಬಿಚ್ಚಿ ಜೋಡಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದರು. “ಸಾ, ಕೆಳಗಡೆ ಎಷ್ಟ್ ಬೇಕಾದ್ರೂ ನೀರಲ್ಲಿ ಇರ್ಲಿ. ಮ್ಯಾಗಡೆ ಮಾತ್ರ ತಣ್ಣಿ ಓಗ್ಬಾರ್ದು ಸಾ. ಒಳಿಕ್ಕೆ ಓಯ್ತು ಅಂದ್ರೆ ನಿಂತೋಯ್ತದೆ. ಅಂಗೇ ಬಿಟ್ರೆ ತುಕ್ಕು ತಿಂದಾಕ್ಬುಡ್ತದೆ.”

ನೀರಿನಲ್ಲೇ ಓಡಬೇಕು, ನೀರು ಮಾತ್ರ ಸೋಕಬಾರದು ಎಂಬ ಈ ಮಡಿ ನಮ್ಮತ್ತೆಯ ಮಡಿಗಿಂತ ಕಠಿಣವೆನ್ನಿಸಿತು. ಯಜಮಾನರು ಅದನ್ನು ವ್ರತದಂತೆ ಹಿಡಿದರು. ಎಂಜಿನ್ನಿನ ತಲೆಗೆ ಹೊದಿಸಲು ಒತ್ತಾದ ನೇಯ್ಗೆಯ ಬಟ್ಟೆ ಬೇಕೆಂದು ಕೊಳ್ಳೇಗಾಲದ ಮಗ್ಗದಲ್ಲಿ ನೇಯ್ದ ನನ್ನ ಹಳೆಯ ರೇಷ್ಮೆ ಸೀರೆಯನ್ನು ಹರಿದು, ಎಣ್ಣೆಯಲ್ಲಿ ಅದ್ದಿ ಒಣಗಿಸಿದರು. ಜರಿಯಂಚು ಎಂಜಿನ್ನಿನ ಹಣೆಯ ಮೇಲೆ ಬರುವಂತೆ ಕಟ್ಟಿದರು. ಕಬ್ಬಿಣದ ಭಾಗಗಳಿಗೆ ವಾರಕ್ಕೊಮ್ಮೆ ಹರಳೆಣ್ಣೆ, ಕೀಲುಗಳಿಗೆ ಗ್ರೀಸು. ಹೊಳೆಯಲ್ಲಿ ಓಡಿಸಿ ತಂದ ದಿನ ಒಳಗೆ ಮರಳು ನಿಲ್ಲದಂತೆ ಕೆಳಭಾಗವನ್ನು ಬಾವಿಯ ತಿಳಿನೀರಿನ ಬಾನಿಯಲ್ಲಿ ನಿಲ್ಲಿಸಿ ಒಂದು ಗಳಿಗೆ ಓಡಿಸುವುದು. ಆಮೇಲೆ ಒರೆಸಿ, ಒಲೆಯ ಹತ್ತಿರ ಬೆಚ್ಚಗೆ ಕೂರಿಸುವುದು. ನಮ್ಮ ಮನೆಯಲ್ಲಿ ಬಾಣಂತಿಗೂ ಅಷ್ಟು ಆರೈಕೆ ನಡೆದದ್ದನ್ನು ನಾನು ಕಂಡಿಲ್ಲ.

ನೋಡುತ್ತ ಕುಳಿತಾಗ ನನಗೊಂದು ವಿಚಾರ ಹೊಳೆಯುತ್ತಿತ್ತು. ಅಗಸ್ತ್ಯ ಮುನಿಗಳು ಕಾವೇರಿಯನ್ನು ಕಮಂಡಲದ ಒಳಗೆ ಇಟ್ಟುಕೊಳ್ಳಲು ನೋಡಿದರು. ಅಂಥ ತಪಸ್ವಿಗಳಿಗೂ ಅದು ಆಗಲಿಲ್ಲ, ಅವಳು ಉರುಳಿ ಹರಿದೇಬಿಟ್ಟಳು. ಒಳಗಿನಿಂದ ಹೊರಗೆ ಬರುವವಳನ್ನು ಋಷಿಗೇ ತಡೆಯಲಾಗದಿದ್ದ ಮೇಲೆ ಹೊರಗಿನಿಂದ ಒಳಗೆ ಬರುವವಳನ್ನು ನಮ್ಮವರು ತಡೆದಾರೆಯೇ? ತುಕ್ಕಿನ ಬಗೆಗೂ ನನ್ನದೊಂದು ಸಿದ್ಧಾಂತವಿದೆ. ಕಬ್ಬಿಣ ಹುಟ್ಟಿದ್ದು ಕೆಮ್ಮಣ್ಣಿನಲ್ಲಿ. ಕಾಯಿಸಿ ಬಡಿದು ಯಾರೋ ಅದನ್ನು ಬೇರೆ ಮನೆಗೆ ಸೇರಿಸಿದರು. ಸ್ವಲ್ಪ ತೇವ ಸಿಕ್ಕರೆ ಸಾಕು, ಅದು ಮತ್ತೆ ಕೆಮ್ಮಣ್ಣಾಗಲು ಹೊರಡುತ್ತದೆ. ಇದನ್ನು ಯಜಮಾನರಿಗೆ ಹೇಳಿದಾಗ ಅವರು ಎಣ್ಣೆ ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. “ಈ ಗೌರಿಗೆ ಕರ್ಕೊಂಡೋಯ್ತೀನಿ ಬುಡು” ಎಂದರು. ಮದುವೆಯಾದ ಮೇಲೆ ಅವರು ನನಗೆ ಕೊಟ್ಟ ಮೊದಲನೆಯ ಮಾತು ಅದು.

ಹಬ್ಬಕ್ಕೆ ಕೆಲವು ದಿನ ಮುಂಚೆ ನೀರು ಸ್ವಲ್ಪ ಇಳಿದಾಗ ಹರಿಗೋಲಿನವನು ನಾವು ಬರುವ ಸುದ್ದಿಯನ್ನು ಆ ಕಡೆಗೆ ಮುಟ್ಟಿಸಿದ. ಹಬ್ಬದ ದಿನಕ್ಕೆ ಹೊಳೆ ಮತ್ತೆ ತುಂಬಿತು. ನಾನು ಬೆಳಗಿನ ಪೂಜೆ ಮುಗಿಸಿ, ಹಸಿರು ಸೀರೆಯುಟ್ಟು ದಡಕ್ಕೆ ಹೋದೆ. ಅತ್ತೆ ನಮಗಿಂತ ಮೊದಲೇ ಅಲ್ಲಿದ್ದು, ಎಂಜಿನ್ನಿಗೆ ವಿಭೂತಿ ಬಳಿದು, ಹೂವೇರಿಸಿ, ಆರತಿ ಎತ್ತುತ್ತಿದ್ದರು. ಆ ದಡದಲ್ಲಿ ಸಣ್ಣಗೆ ಒಂದು ಆಕೃತಿ. ಕಂಕುಳಲ್ಲಿ ಬಟ್ಟೆ ಮುಚ್ಚಿದ ಮೊರ. ನಮ್ಮವ್ವ ಬಾಗಿನ ಹಿಡಿದು ನೀರಿನ ಅಂಚಿಗೇ ಬಂದು ನಿಂತಿದ್ದಳು.

ಹಗ್ಗ ಜಗ್ಗಿದ ಮೊದಲ ಏಟಿಗೇ ಎಂಜಿನ್ನು ಹೊತ್ತಿಕೊಂಡಿತು. ನಮ್ಮವರ ಮುಖ ಅರಳಿತು. ದೋಣಿ ಕೆಂಪು ನೀರನ್ನು ಸೀಳಿಕೊಂಡು ಹೊರಟಿತು. ಅವ್ವನ ಸೀರೆಯ ಬಣ್ಣ ತಿಳಿಯಿತು. ಇನ್ನು ಸ್ವಲ್ಪ ಹೋದರೆ ಮುಖವೂ ಕಾಣುತ್ತಿತ್ತು. ಆಗ ಎಂಜಿನ್ನು ಒಂದು ಸಲ ಸೀನಿತು, ಎರಡು ಸಲ ಕೆಮ್ಮಿತು, ನಿಂತೇಹೋಯಿತು.

ಅವರು ಹಗ್ಗ ಜಗ್ಗಿದರು, ಮತ್ತೆ ಜಗ್ಗಿದರು. ಹೊದಿಕೆ ಬಿಚ್ಚಿ ನೋಡಿದರೆ ಒಂದು ಹನಿಯೂ ಸಿಡಿದಿರಲಿಲ್ಲ. ಅಷ್ಟರಲ್ಲಿ ಸೆಳವು ದೋಣಿಯನ್ನು ತಿರುಗಿಸಿ ಕೆಳಕ್ಕೆ ಎಳೆಯತೊಡಗಿತ್ತು. ಕೆಳಗೆ ಹೋದಂತೆ ಬಂಡೆಗಳು, ಅದಕ್ಕೂ ಕೆಳಗೆ ಹೊಳೆ ಧುಮುಕುವ ಜಾಗ. “ಉಟ್ಟು ಇಡ್ಕೊ, ಬಿಡ್ಬ್ಯಾಡ!” ಎಂದು ಕೂಗಿದರು. ಇಬ್ಬರೂ ಒಂದೊಂದು ಹುಟ್ಟು ಹಿಡಿದು ಹಾಕಿದೆವು. ಸೆಳವು ಆ ಕಡೆಗೆ ಬಿಡಲಿಲ್ಲ. ಊರಿನಿಂದ ಬಹಳ ಕೆಳಗೆ, ಈ ದಡಕ್ಕೇ ಬಂದು ಲಕ್ಕಿಗಿಡಗಳ ನಡುವೆ ತಗುಲಿಕೊಂಡೆವು. ನನಗೆ ಜೀವ ಉಳಿದದ್ದಕ್ಕೆ ಸಂತೋಷವಾಗಲಿಲ್ಲ. ಮತ್ತೆ ಇದೇ ದಡವಾಯಿತಲ್ಲ ಎಂದು ಅಳು ಬಂತು.

ತಲೆಯೆತ್ತಿ ನೋಡಿದರೆ ಎದುರಿಗೆ, ಹೊಳೆಯಾಚೆ, ಅವ್ವ ನಿಂತಿದ್ದಳು. ದೋಣಿ ತೇಲಿದಷ್ಟು ದೂರವನ್ನೂ ಅವಳು ಮೊರವನ್ನು ಕಂಕುಳಿನಲ್ಲಿಟ್ಟುಕೊಂಡೇ ದಡದ ಮೇಲೆ ಓಡಿಬಂದಿದ್ದಳು. ನಾವು ಬದುಕಿದ್ದೇವೆಂದು ಕಂಡ ಮೇಲೆ ಅಲ್ಲೇ ಕುಸಿದು ಕುಳಿತಳು. ನಾನೂ ಕುಳಿತೆ. ಕೂಗಿದ್ದು ಕೇಳಿಸುವಂತಿರಲಿಲ್ಲ, ಹೊಳೆಯ ಸದ್ದು ಅಷ್ಟಿತ್ತು.

ಯಜಮಾನರು ದೋಣಿಗೆ ಹಗ್ಗ ಕಟ್ಟಿ, ದಡದುದ್ದಕ್ಕೂ ಎಳೆದುಕೊಂಡು ಊರಿನ ಕಡೆಗೆ ಹೊರಟರು. ನಾನು ಹಿಂದೆ ನಡೆದೆ. ಆ ಕಡೆ ಅವ್ವನೂ ಎದ್ದು ನಡೆದಳು. ನಾನು ನಿಂತರೆ ಅವಳು ನಿಲ್ಲುತ್ತಿದ್ದಳು. ಅವಳು ಮುಳ್ಳು ಕಿತ್ತುಕೊಳ್ಳಲು ಬಗ್ಗಿದರೆ ನಾನು ಕಾಯುತ್ತಿದ್ದೆ. ಹೊಳೆ ಕಿರಿದಾಗಿದ್ದ ಒಂದು ಕಡೆ ಅವಳು ಕೈಯನ್ನು ಬಾಯಿಗೆ ತಂದು, ಉಂಡೆಯಾ ಎಂದು ಕೇಳಿದಳು. ನಾನು ಉಪವಾಸವಿದ್ದೆ, ಆದರೂ ಹೊಟ್ಟೆ ಸವರಿ ತೋರಿಸಿದೆ. ಅವಳು ನಂಬಲಿಲ್ಲ, ಸುಳ್ಳು ಹೇಳುತ್ತೀಯಾ ಎಂಬಂತೆ ಬೆರಳಾಡಿಸಿದಳು. ಬಿಸಿಲು ಏರಿ ಇಳಿಯುವವರೆಗೂ ಹೀಗೇ ನಡೆದೆವು. ಊರು ಬಂದಾಗ ಅವಳು ಮೊರವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ನಾನು ಸೆರಗೊಡ್ಡಿದೆ. ಬರಿಯ ಸೆರಗನ್ನೇ ಮಡಿಲಿಗೆ ಕಟ್ಟಿಕೊಂಡು ಮನೆಗೆ ಬಂದು ದೀಪ ಹಚ್ಚಿದೆ.

ಯಜಮಾನರು ಎಂಜಿನ್ನಿನ ಪಕ್ಕ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

“ಅಲ್ಲ ಕಣ್ಲಾ ಮಗ, ನಾನು ಅಷ್ಟು ಚೆಂದಾಗಿ ಪೂಜೆ ಮಾಡಿ, ಮುಚ್ಚಳ ತೆಗೆದು ಬಾಯ್ಗೆ ತೀರ್ಥ ಬುಟ್ಟಿದ್ದೆ. ಆದ್ರೂ ಇಂಗ್ ಮಾಡ್ತಲ್ಲ ಇದು!”

ಅವರು ತೀರ್ಥ ಬಿಟ್ಟದ್ದು ಪೆಟ್ರೋಲಿನ ಟ್ಯಾಂಕಿಗೆ. ಪೂಜೆಯಾದ ಮೇಲೆ ತೀರ್ಥ ಕೊಡದೆ ಯಾರನ್ನೂ ಎಬ್ಬಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಕಾವೇರಿಯ ಅಷ್ಟೂ ನೀರನ್ನು ಹೊರಗೇ ನಿಲ್ಲಿಸಿದ್ದ ಎಂಜಿನ್ನು ಒಂದು ಉದ್ಧರಣೆ ತೀರ್ಥಕ್ಕೆ ಶರಣಾಗಿತ್ತು. ಯಜಮಾನರು ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. “ಇನ್ನೊಸಿ ಕಮ್ಮಿ ಬುಡಬೇಕಿತ್ತು ಕಣವ್ವ” ಎಂದಷ್ಟೇ ಹೇಳಿ ಟ್ಯಾಂಕನ್ನು ಬಗ್ಗಿಸಿ ನೀರು ಬಸಿಯತೊಡಗಿದರು.

ಮುಂದಿನ ಗೌರಿಗಳಿಗೆ ಎಂಜಿನ್ನು ನಮ್ಮನ್ನು ನಿಯತ್ತಾಗಿ ದಾಟಿಸಿತು. ಅವ್ವನ ಅಡುಗೆಮನೆಯಲ್ಲಿ ಕುಳಿತು ಉಂಡೆ, ಬಾಗಿನ ತಂದೆ. ಅಲ್ಲಿ ಏನು ಮಾತಾಡಿದೆವೆಂದು ಕೇಳಿದರೆ ಒಂದೂ ನೆನಪಿಲ್ಲ. ಈಗ ಅವ್ವ ಇಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಈಗಲೂ ದಡಕ್ಕೆ ಹೋಗುತ್ತೇನೆ, ಆ ಕಡೆ ಯಾರೂ ನಡೆಯುವುದಿಲ್ಲ. ಯಜಮಾನರು ಮಾತ್ರ ಆ ದಿನವನ್ನು ಇನ್ನೂ ತಮ್ಮ ಸೋಲೆಂದೇ ತಿಳಿದಿದ್ದಾರೆ. “ಅವತ್ತೊಂದಿನ ನೀರು ಓಗದಂಗೆ ನೋಡ್ಕೊಂಡಿದ್ರೆ ನಿಮ್ಮವ್ವನ ಮುಂದ್ಕೇ ಇಳಿಸ್ಬುಡ್ತಿದ್ದೆ” ಎಂದು ಕೊರಗುತ್ತಾರೆ. ಹೌದು ಬಿಡಿ ಎನ್ನುತ್ತೇನೆ. ಇಳಿಸಿದ್ದರೆ ಅವ್ವ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಒಲೆಯ ಮೇಲೆ ಏನೋ ಉಕ್ಕಿತೆಂದು ಒಳಗೆ ಹೋಗಿಬಿಡುತ್ತಿದ್ದಳು. ಹಬ್ಬದ ಕೆಲಸವನ್ನೆಲ್ಲ ಬಿಟ್ಟು, ಒಂದು ಇಡೀ ಮಧ್ಯಾಹ್ನ ನನ್ನ ಮುಖವನ್ನೇ ನೋಡುತ್ತ ನಡೆಯುತ್ತಿರಲಿಲ್ಲ.