ಖಂಡೇ ಪೂಜೆಗೆ ಕೂತ ಆಟದ ಡಬ್ಬಿ

ನಮ್ಮ ಮನೆಯ ರೇಡಿಯೋಕ್ಕೆ ನನ್ನ ಹೆಂಡತಿ ಹೂವಿನ ಕಸೂತಿ ಹಾಕಿ ಒಂದು ಅಂಗಿ ಹೊಲಿದಿದ್ದಳು. ವಾರ್ತೆ ಕೇಳಬೇಕೆಂದರೆ ಮೊದಲು ಅದರ ಗುಂಡಿ ಬಿಚ್ಚಬೇಕಿತ್ತು, ಅಷ್ಟರಲ್ಲಿ ಅರ್ಧ ವಾರ್ತೆ ಮುಗಿದಿರುತ್ತಿತ್ತು. ನೀವು ನಗಬೇಡಿ ಗೆಳೆಯರೇ, ನಿಮ್ಮ ಮನೆಯಲ್ಲೂ ಪಿಂಗಾಣಿ ಕಪ್ಪುಗಳು ಯಾರೋ ದೊಡ್ಡವರು ಬರುತ್ತಾರೆಂದು ಕಪಾಟಿನಲ್ಲಿ ಕಾದು ಕೂತಿವೆ. ಒಳ್ಳೆಯದನ್ನು ಬಳಸದೆ ಇಡುವುದೇ ಅದಕ್ಕೆ ತೋರುವ ಮರ್ಯಾದೆ ಎಂದು ನಂಬಿದ ಜನ ನಾವು. ಆದರೆ ಈ ವಿದ್ಯೆಯಲ್ಲಿ ನನ್ನ ಭಾವಮೈದುನ ಬಸವರಾಜನನ್ನು ಮೀರಿಸುವವರನ್ನು ನಾನು ಈವರೆಗೆ ಕಂಡಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ಮುಂಬಯಿಯಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿದ್ದ ಬಸವರಾಜ ಅಲ್ಲಿಂದ ಒಂದು ತಗಡಿನ ಡಬ್ಬಿ ತಂದಿದ್ದ. ಅದರೊಳಗೆ ಅಂಗೈಯಗಲದ ವಿಡಿಯೋ ಆಟದ ಯಂತ್ರ, ಹಳೇ ಕಾಲದ ಕೋಟೆಗೆ ಲಗ್ಗೆ ಹಾಕುವ ಯೋಧನ ಕತೆ. ಜೊತೆಗೆ ಬಟ್ಟೆಯ ಮೇಲೆ ಅಚ್ಚಾದ ಕೋಟೆಯ ನಕಾಶೆ, ಕತ್ತಿ ಎತ್ತಿ ನಿಂತ ಗೇಣುದ್ದದ ಸೀಸದ ಸರದಾರ. ಇದೆಲ್ಲ ನಮಗೆ ಗೊತ್ತಾದದ್ದು ಮುಚ್ಚಳದ ಮೇಲಿನ ಚಿತ್ರದಿಂದ. ಇಂಥ ಡಬ್ಬಿಗಳನ್ನು ಕೆಲವೇ ಕೆಲವು ಮಾಡುತ್ತಾರಂತೆ, ಸೀಲು ಒಡೆಯದೆ ಇಟ್ಟರೆ ಮಾತ್ರ ಅದಕ್ಕೆ ಬೆಲೆಯಂತೆ. ಎರಡು ವರ್ಷವಾದರೂ ಸ್ವತಃ ಅವನೇ ಅದನ್ನು ತೆರೆದಿರಲಿಲ್ಲ.

"ಮಾಮಾ, ಇದು ನನ್ನ ಜೀವ ಐತ್ರಿ. ಮುಂಬಯಿ ಖೋಲ್ಯಾಗ ಹತ್ತು ಮಂದಿ ಇರ್ತೀವಿ, ಯಾರರ ಸೀಲ್ ಒಡದಾರು. ನಿಮ್ಮಲ್ಲಿ ಇರ್ಲಿ, ಮಾನೌಮಿ ಹಬ್ಬಕ್ಕ ಬಂದು ಒಯ್ತೀನಿ," ಎಂದು ಅದನ್ನು ನನ್ನ ಕೈಗಿಟ್ಟು ಆಣೆ ಹಾಕಿಸಿಕೊಂಡ. ಮಾವನ ಮನೆಯಲ್ಲಿ ನನಗೆ ಅಷ್ಟೇನೂ ಬೆಲೆಯಿರಲಿಲ್ಲವಾದ್ದರಿಂದ, ಈ ಆಣೆಯನ್ನಾದರೂ ಉಳಿಸಿಕೊಂಡು ತಲೆಯೆತ್ತಿ ನಡೆಯಬೇಕೆಂದು ನಾನೂ ಹಟ ತೊಟ್ಟೆ. ಡಬ್ಬಿಯನ್ನು ಟ್ರಂಕಿನಲ್ಲಿಟ್ಟು, ಟ್ರಂಕಿನ ಮೇಲೆ ಹಾಸಿಗೆ ಪೇರಿಸಿದೆ.

ಆದರೆ ನನ್ನ ತಾಯಿ ಹುಲಿಹೈದರದ ಕಡೆಯ ಒಕ್ಕಲುತನದ ಮನೆಯವಳು. ಮಹಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮನೆಯೊಳಗಿನ ಒಂದೇ ಒಂದು ಹರಿತದ ವಸ್ತುವೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಕುಡಗೋಲು, ಈಳಿಗೆ, ನನ್ನ ಕ್ಷೌರದ ಕತ್ತಿ, ಕಚೇರಿಯ ಲೆಕ್ಕಣಿಕೆ ಎಲ್ಲವೂ ಸಾಲಾಗಿ ಕೂತು ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದವು. ಆ ವರ್ಷ ನಾನು ಹೂವು ತರಲು ಹೋಗಿ ಬರುವಷ್ಟರಲ್ಲಿ ತಾಯಿ ಟ್ರಂಕು ತೆಗೆದು, ಮುಚ್ಚಳದ ಮೇಲಿನ ಕತ್ತಿ ಕಂಡು, ಸೀಲು ಹರಿದಿದ್ದಳು. ಸೀಸದ ಸರದಾರ ಕುಡಗೋಲಿನ ಪಕ್ಕದಲ್ಲಿ, ಕುಂಕುಮದಲ್ಲಿ ಮುಳುಗಿ, ಕೋಟೆಯ ನಕಾಶೆಯನ್ನೇ ಗದ್ದುಗೆ ಮಾಡಿಕೊಂಡು ನಿಂತಿದ್ದ. ಯಂತ್ರದ ಗುಂಡಿಗೂ ಕುಂಕುಮ ಒತ್ತಿದ್ದರಿಂದ ಅದು ಟಿಂ ಟಿಂ ಎಂದು ಹಾಡತೊಡಗಿತ್ತು.

"ಅಯ್ಯೋ ಯವ್ವಾ, ಏನ್ ಮಾಡಿಬಿಟ್ಟಿ!"

"ಮನ್ಯಾಗ ಕತ್ತಿ ಇಟಗೊಂಡು ಪೂಜಿ ಮಾಡ್ಲಾರದ ಬಿಡ್ತಾರೇನೋ ಮಬ್ಬ? ನೋಡ್, ಎಷ್ಟ ಛಲೋ ಓಗೊಡಾಕತ್ತೈತಿ," ಎಂದು ತಾಯಿ ಕಾಯಿ ಒಡೆದು, ಅದರ ನೀರನ್ನು ಧಾರಾಳವಾಗಿ ಚಿಮುಕಿಸಿದಳು.

ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಬಸವರಾಜನನ್ನು ನಾನು ನೋಡಿದ್ದು ಆಗಲೇ. ಅವನ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ನುಗ್ಗಿ ಬಂದು ಯಂತ್ರಕ್ಕೆ ಕೈ ಹಾಕಿದ. ತಾಯಿ ಆ ಕೈಯನ್ನು ಫಟ್ಟನೆ ಹೊಡೆದು ಸರಿಸಿದಳು. ಪೂಜೆಗೆ ಕೂತ ಆಯುಧವನ್ನು ಮರುದಿನ ಬನ್ನಿ ಕೊಡುವ ತನಕ ಮುಟ್ಟುವಂತಿಲ್ಲ. ತನ್ನ ಜೀವವನ್ನೇ ಮುಟ್ಟಲಾಗದ ಬಸವರಾಜ ಅದರ ಎದುರಿಗೆ ಕೂತ. ಹೋಳಿಗೆ ಬಡಿಸಿದರೂ ಅಲ್ಲೇ ಕೂತು ತಿಂದ. ನನ್ನೊಡನೆ ಮಾತು ಬಿಟ್ಟ. ತಪ್ಪು ನಮ್ಮದೇ, ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

ಒಂದು ಸಂಗತಿ ಮಾತ್ರ ನನ್ನ ಕಣ್ಣಿಗೆ ಬಿತ್ತು. ಮೊದಲು ಗೋಳಾಡುತ್ತಿದ್ದವನು ಬರಬರುತ್ತ ಯಂತ್ರದ ಗಾಜಿನೊಳಗಿನ ಸಣ್ಣ ಯೋಧನನ್ನೇ ಬಗ್ಗಿ ಬಗ್ಗಿ ನೋಡತೊಡಗಿದ್ದ. ಎರಡು ವರ್ಷ ಕಾಯ್ದ ವಸ್ತುವಿನ ಒಳಗೇನಿದೆಯೆಂದು ಪಾಪ, ಅವನಿಗೂ ಗೊತ್ತಿರಲಿಲ್ಲ.

ಮರುದಿನ ಸಂಜೆ, "ಬನ್ನಿ ತಗೊಂಡು ಬಂಗಾರದಂಗ ಇರೋಣು," ಎಂದು ತಾಯಿ ಅವನ ಕೈಗೆ ಬನ್ನಿ ಎಲೆಯನ್ನೂ ಯಂತ್ರವನ್ನೂ ಕೊಟ್ಟಳು. ಬಸವರಾಜ ಅಂಗಿಯ ತುದಿಯಿಂದ ಕುಂಕುಮ ಒರೆಸಿ, ಗುಂಡಿ ಒತ್ತಿದ. ಯೋಧ ಕೋಟೆಯ ಮೊದಲ ಅಗಸೆ ಬಾಗಿಲಲ್ಲೇ ಬಿದ್ದು ಸತ್ತ. ಮತ್ತೆ ಎದ್ದ, ಮತ್ತೆ ಸತ್ತ. "ಎದ್ದ ನೋಡೋ, ಮತ್ತ ಎದ್ದ!" ಎಂದು ತಾಯಿ ಕೇಕೆ ಹಾಕಿದಳು. ಮೂರನೆಯ ಸಲವೂ ಸತ್ತಾಗ ಬಸವರಾಜ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆಮೇಲೆ ತಾಯಿಯ ಕಡೆ ತಿರುಗಿ, ತನ್ನದೇ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ಕೇಳಿದ: "ಅತ್ತಿ, ಇನ್ನೊಂದ್ಸಲ ಆಡ್ಲೇನ್ರಿ?"