ರೊಟ್ಟಿ ಬುಟ್ಟಿಯೊಳಗಿನ ಫೋನು

ತುಕ್ಕಾನಟ್ಟಿಯ ದಸ್ತಗೀರನ ಮನಿಗೆ ಹೊಲಿಗೆ ಮಷೀನು ರಿಪೇರಿಗೆ ಹೋಗಿದ್ದೆ. ಅವನ ಮೂರು ವರ್ಷದ ಮಗಳು ಮುನ್ನಿ, "ಅಬ್ಬಾ, ಇಲ್ಲಿ ನೋಡು" ಅಂತ ನೂರು ಸಲ ಕರೆದಳು. ನೂರಲ್ಲ, ಹತ್ತು ಅನ್ನಿ. ಅವನು ಫೋನಿನಿಂದ ತಲೆ ಎತ್ತಲಿಲ್ಲ. ನನ್ನ ಕೈ ಸುಮ್ಮನಿರುತ್ತದೆಯೇ? ಅವನು ಚಹಾ ತರಲು ಎದ್ದಾಗ ಫೋನನ್ನು ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಮುನ್ನಿಗೆ ಕಣ್ಣು ಹೊಡೆದೆ.

ದಸ್ತಗೀರ ಮೊಣಕಾಲೂರಿ ಮಂಚದ ಕೆಳಗೆಲ್ಲ ತಡಕಾಡಿದ. ಅಪ್ಪ ತನ್ನ ಜೊತೆ ಆಡಲು ಕೆಳಗಿಳಿದಿದ್ದಾನೆ ಅಂತ ತಿಳಿದು, ಕೂಸು ಅವನ ಹಿಂದೆಯೇ ಅಂಬೆಗಾಲಿಟ್ಟು ಕಿಲಕಿಲ ನಕ್ಕಿತು. ಅಷ್ಟರಲ್ಲಿ ಬುಟ್ಟಿಯೊಳಗೆ ರಿಂಗಾಯಿತು. ಆಟ ಮುಗಿಯಿತು.

"ಇಕೀದ ಕಿತಾಪತಿ ನೋಡ್ರಿ ಮಾಮಾ!" ಅಂದ. ನಾನು ಹೌದೆಂದೆ.

ಮುಂದಿನ ವಾರ ಹೋದರೆ, ದಸ್ತಗೀರ ಫೋನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುತ್ತಿದ್ದ. ಮುನ್ನಿ ಮೂಲೆಯಲ್ಲಿ ಬಿಕ್ಕುತ್ತಿದ್ದಳು.

"ನೀರಿನ ಕೊಡದಾಗ ಹಾಕ್ಯಾಳ್ರಿ. ಅದರ ಮ್ಯಾಲ, 'ಹುಡಕೂಣ ಬಾ ಅಬ್ಬಾ' ಅಂತಾಳ! ಎರಡು ಬಿಗದೇನಿ. ಯಾರ ಕಲಿಸ್ಯಾರೋ ಏನೋ."

ಮುನ್ನಿ ನನ್ನ ನೋಡಿ, ಒದ್ದೆಯಾಗಿದ್ದ ಎರಡೂ ಕಣ್ಣು ಒಟ್ಟಿಗೇ ಮುಚ್ಚಿ, ಕಣ್ಣು ಹೊಡೆದಳು.

ಮಾಡದ ಚೇಷ್ಟೆಯನ್ನೂ ನಂದೇ ಅಂತ ಊರೆಲ್ಲ ಹೇಳಿಕೊಂಡು ತಿರುಗುವವ ನಾನು. ಅವತ್ತು ಮಾತ್ರ, ಕೆಡದೇ ಇದ್ದ ಮಷೀನಿಗೆ ಸುಮ್ಮನೆ ಎಣ್ಣೆ ಬಿಡುತ್ತ ಕೂತೆ.